ಕೆಟ್ಟ ನವೀಕರಣವನ್ನು ಹಿಂತೆಗೆಯುವ ಹಕ್ಕು

ಜರ್ಸಿ ಸಿಟಿಯಲ್ಲಿ ಊಟದ ಮೇಜನ್ನೇ ಕಚೇರಿಯಾಗಿಸಿಕೊಂಡ ಕನ್ನಡಿಗರಿಗೆ ಇಂಥ ಬೆಳಗು ಅಪರಿಚಿತವಲ್ಲ: ರಾತ್ರಿ ಕಂಪ್ಯೂಟರು ತಾನಾಗಿಯೇ ನವೀಕರಣಗೊಂಡಿದೆ, ವೈರ್‌ಲೆಸ್ ಕೀಲಿಮಣೆ, ಮೌಸ್ ಎರಡೂ ಸ್ತಬ್ಧ. ಗಂಟೆಯ ಲೆಕ್ಕದಲ್ಲಿ ದುಡಿಯುವವರಿಗೆ ಇದು ಕೂಲಿಯ ನಷ್ಟ.

ಮನೆಮದ್ದುಗಳೇನೋ ಇವೆ. ಬ್ಯಾಟರಿ ಬದಲಿಸಬಹುದು, ಯುಎಸ್‌ಬಿ ರಿಸೀವರನ್ನು ಕಿತ್ತು ಬೇರೆ ಪೋರ್ಟಿಗೆ ಸಿಕ್ಕಿಸಬಹುದು, ಬ್ಲೂಟೂತ್ ಆದರೆ ಹಳೆಯ ಜೋಡಣೆ ಅಳಿಸಿ ಮತ್ತೆ ಜೋಡಿಸಬಹುದು, ಅದೂ ಫಲಿಸದಿದ್ದರೆ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಬಹುದು. ಇದಕ್ಕೆಲ್ಲ ತಂತಿಯಿರುವ ಹಳೆಯ ಮೌಸೊಂದು ಮನೆಯಲ್ಲಿರಬೇಕು.

ಆದರೆ ತಂತಿಯೂ ಕೈಕೊಟ್ಟ ಪ್ರಸಂಗವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ನವೀಕರಣವು, ಕೆಟ್ಟ ಯಂತ್ರವನ್ನು ಸರಿಪಡಿಸಲೆಂದೇ ಇರುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ, ಮೌಸ್‌ಗಳನ್ನು ನಿಷ್ಕ್ರಿಯಗೊಳಿಸಿತು. ಮೈಕ್ರೋಸಾಫ್ಟ್ ಪರಿಹಾರ ಬಿಡುಗಡೆ ಮಾಡಿದ್ದು ಅಕ್ಟೋಬರ್ 20ರಂದು. ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡದ್ದೂ ಅದೇ 14ರಂದೇ. ಹಳೆಯದರಲ್ಲಿ ಉಳಿಯುವಂತಿಲ್ಲ, ಹೊಸದನ್ನು ನಂಬುವಂತಿಲ್ಲ.

ಭದ್ರತೆಯ ನವೀಕರಣ ಬೇಡವೆಂದು ನಾನು ಹೇಳುತ್ತಿಲ್ಲ. ತಪ್ಪು ಕಂಪನಿಯದು, ದಂಡ ಬಳಕೆದಾರರಿಗೆ ಎಂಬುದೇ ನನ್ನ ತಕರಾರು. ಹಡ್ಸನ್ ನದಿಯಾಚೆಯ ನ್ಯೂಯಾರ್ಕಿನಲ್ಲಿ 2022ರಲ್ಲಿ ಅಂಕಿತ ಪಡೆದ ಡಿಜಿಟಲ್ ದುರಸ್ತಿ ಕಾಯ್ದೆ ಬಿಡಿಭಾಗ, ಉಪಕರಣ, ಕೈಪಿಡಿಗಳು ಜನರಿಗೆ ದೊರೆಯಬೇಕೆನ್ನುತ್ತದೆ. ಅಷ್ಟು ಸಾಲದು. ನವೀಕರಣವನ್ನು ಮುಂದೂಡುವ, ಕೆಟ್ಟದ್ದನ್ನು ಹಿಂತೆಗೆಯುವ, ಕಳೆದ ದುಡಿಮೆಗೆ ಪರಿಹಾರ ಕೇಳುವ ಹಕ್ಕೂ ದುರಸ್ತಿಯ ಹಕ್ಕಿನೊಳಗೆ ಸೇರಬೇಕು. ಇಂಥ ನವೀಕರಣಗಳನ್ನು ಬರೆಯುವ ಕೈಗಳಲ್ಲಿ ನಮ್ಮವೂ ಇವೆ. ಆದ್ದರಿಂದ ಈ ಮಾತನ್ನು ಆಡುವ ಹೊಣೆಯೂ ನಮ್ಮದೇ.