ಬೂದಿ ಮುಚ್ಚಿದ ಕೆಂಡ

ಅನಗೋಳದಿಂದ ಪೇಟೆಯ ಕಡೆಗೆ ಹೊರಟವರ ಕಿವಿಗೆ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂಬ ಹೆಸರು ಬೀಳದೆ ಇರದು. ಇಂದಿನ ಎಳೆಯರಿಗೆ ಅದೊಂದು ಬಯಲು, ಅಷ್ಟೆ. ಆದರೆ ಸಿಡುಬಿನ ಹಾವಳಿಯಿದ್ದ ದಿನಗಳಲ್ಲಿ, ಒಣಗಿಸಿದ ಸಿಡುಬಿನ ಲಸಿಕೆಯನ್ನು ಇಡೀ ದೇಶಕ್ಕೆ ತಯಾರಿಸಿಕೊಟ್ಟ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದಾಗಿತ್ತು. 1975ರಲ್ಲಿ ಆ ಬೇನೆ ಭಾರತವನ್ನು ಬಿಟ್ಟು ತೊಲಗಿತು. 1980ರಲ್ಲಿ ಲೋಕದಿಂದಲೇ ಅಳಿಯಿತೆಂದು ಸಾರಲಾಯಿತು. ಈಗ ಉಳಿದಿರುವುದು ಹಿರಿಯರ ತೋಳಿನ ಮೇಲಿನ ದುಂಡನೆಯ ಕಲೆಯೊಂದೇ.

ಆ ಕಲೆಯ ಮಾತು ಬಹು ಸರಳವಾದದ್ದು. ‘ಈ ಮೈ ಸಿಡುಬನ್ನು ಎದುರಿಸಲು ಕಲಿತಿದೆ’ ಎಂದು ಅದು ಹೇಳುತ್ತಿತ್ತು, ನೋಡಿದವರು ನಂಬುತ್ತಿದ್ದರು. ದೇಹವು ತನ್ನ ಮೇಲೆ ಬರೆದುಕೊಳ್ಳುವ ಗುರುತುಗಳೆಲ್ಲವೂ ಹೀಗೆಯೇ ನೇರವಾಗಿ ಮಾತನಾಡುತ್ತವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗದಲ್ಲಿ ಈ ಭಾವನೆ ಅನೇಕ ಮನೆಗಳ ನೆಮ್ಮದಿಯನ್ನು ಕೆಡಿಸಿದೆ. ಆದುದರಿಂದ ಅದರ ವಿಚಾರವನ್ನು ವಾಚಕರ ಮುಂದೆ ಇಡುವುದು ಉಚಿತವೆಂದು ತೋರುತ್ತದೆ.

ಈ ರೋಗಕ್ಕೆ ಮೊದಲು ಹೆಸರೇ ಇರಲಿಲ್ಲ. ರಕ್ತ ಪಡೆದ ಕೆಲವರಲ್ಲಿ ಯಕೃತ್ತು ಊದಿಕೊಳ್ಳುತ್ತಿತ್ತು. ಪರೀಕ್ಷಿಸಿದರೆ ‘ಎ’ ವೈರಸ್ಸೂ ಅಲ್ಲ, ‘ಬಿ’ ವೈರಸ್ಸೂ ಅಲ್ಲ. ಹೀಗೆ ನಮ್ಮ ಉಪನಿಷತ್ತಿನವರ ‘ನೇತಿ ನೇತಿ’ಯಂತೆ, ಅಲ್ಲ ಅಲ್ಲ ಎನ್ನುತ್ತಲೇ ವೈದ್ಯರು ವರ್ಷಗಳನ್ನು ಕಳೆದರು. 1989ರಲ್ಲಿ ವೈರಸ್ಸು ಪತ್ತೆಯಾಯಿತು. ಆ ಶೋಧದ ಸಾಲಿನಲ್ಲಿ ದುಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ನಮ್ಮ ದೇಶದ ರಕ್ತನಿಧಿಗಳಲ್ಲಿ ದಾನಿಗಳ ರಕ್ತವನ್ನು ಈ ರೋಗಕ್ಕಾಗಿ ಪರೀಕ್ಷಿಸುವುದು ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮುಂಚೆ ಹೆರಿಗೆಯಲ್ಲೋ ಶಸ್ತ್ರಕ್ರಿಯೆಯಲ್ಲೋ ರಕ್ತ ಪಡೆದವರು ಈ ಮಾತನ್ನು ಮರೆಯಬಾರದು.

ಕಾಮಾಲೆಯೆಂದರೆ ಕಣ್ಣು ಹಳದಿಯಾಗಬೇಕು, ನೆಲನೆಲ್ಲಿಯ ರಸ ಕುಡಿಯಬೇಕು ಎಂಬುದು ನಮ್ಮ ಜನರ ತಿಳಿವಳಿಕೆ. ಇಲ್ಲಿ ಬಹುಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಮೌನವಾಗಿದ್ದು, ಕೆಲವರಲ್ಲಿ ಯಕೃತ್ತು ಗಡಸಾಗಿ ಗಂಟುಗಟ್ಟುವ ಸಿರೋಸಿಸ್ಸಿಗೂ ಕ್ಯಾನ್ಸರಿಗೂ ಅದು ದಾರಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 55 ಲಕ್ಷ ಜನರಲ್ಲಿ ಈ ವೈರಸ್ಸು ನೆಲೆಸಿತ್ತು.

ಇನ್ನು ಗುರುತುಗಳ ವಿಚಾರ. ಮೊದಲನೆಯದು ಪ್ರತಿಕಾಯ. ವೈರಸ್ಸು ಒಳಹೊಕ್ಕ ಕೆಲವು ವಾರಗಳ ಮೇಲೆ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ; ಮೊದಲ ರಕ್ತಪರೀಕ್ಷೆ ಹುಡುಕುವುದು ಇವನ್ನೇ. ಆದರೆ ಇವು ಸಿಡುಬಿನ ಕಲೆಯಂತೆ ರಕ್ಷಣೆಯ ಭರವಸೆ ನೀಡಲಾರವು. ವೈರಸ್ಸು ತನ್ನ ಹೊರರೂಪವನ್ನು ಎಡೆಬಿಡದೆ ಬದಲಿಸಿಕೊಳ್ಳುತ್ತ ತಪ್ಪಿಸಿಕೊಳ್ಳುತ್ತದೆ. ಈ ರೋಗಕ್ಕೆ ಇಂದಿಗೂ ಲಸಿಕೆ ದೊರೆಯದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಹಾಗೆಂದು ಪ್ರತಿಕಾಯ ಕಂಡವರೆಲ್ಲರೂ ರೋಗಿಗಳೂ ಅಲ್ಲ. ಸೋಂಕು ತಗಲಿದವರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಯಾವ ಔಷಧವೂ ಇಲ್ಲದೆ ಆರು ತಿಂಗಳೊಳಗಾಗಿ ವೈರಸ್ಸನ್ನು ಹೊರದೂಡುತ್ತಾರೆ. ಆದರೂ ಪ್ರತಿಕಾಯಗಳು ಬಹುಕಾಲ ಉಳಿಯುತ್ತವೆ.

ಒಲೆಯಲ್ಲಿ ಬೂದಿ ಕಂಡರೆ ಇಲ್ಲಿ ಬೆಂಕಿ ಉರಿದಿತ್ತು ಎಂದು ಹೇಳಬಹುದು. ಕೆಂಡ ಇನ್ನೂ ಇದೆಯೇ ಎಂಬುದು ಬೂದಿಯನ್ನು ಕೆದಕಿದಾಗಲೇ ತಿಳಿಯುವುದು. ಪ್ರತಿಕಾಯವು ಬೂದಿ, ವೈರಸ್ಸಿನ ಆರ್‌ಎನ್‌ಎ ಕೆಂಡ. ಕೆದಕುವುದಕ್ಕೆ ಎರಡನೆಯ ಪರೀಕ್ಷೆಯೊಂದಿದೆ. ಅದು ಆಗುವ ತನಕ ಯಾರನ್ನೂ ರೋಗಿಯೆಂದು ಕರೆಯತಕ್ಕದ್ದಲ್ಲ.

ಎರಡನೆಯ ಗುರುತು ಇನ್ನೂ ವಿಚಿತ್ರವಾದದ್ದು. ಹಿಂದೆ ಈ ರೋಗಕ್ಕಿದ್ದ ಮುಖ್ಯ ಔಷಧ ಇಂಟರ್‌ಫೆರಾನ್. ವೈರಸ್ಸು ಬಂದಾಗ ದೇಹವೇ ಹೊರಡಿಸುವ ಎಚ್ಚರಿಕೆಯ ಕೂಗು ಅದು. 1957ರಲ್ಲಿ ಕಂಡುಹಿಡಿದ ಈ ವಸ್ತುವನ್ನು 1990ರ ದಶಕದಿಂದ ಹೆಪಟೈಟಿಸ್ ಸಿ ರೋಗಿಗಳಿಗೆ ಚುಚ್ಚತೊಡಗಿದರು. ಮುಂದೆ ರಿಬಾವಿರಿನ್ ಗುಳಿಗೆಯನ್ನೂ ಜೊತೆಗೂಡಿಸಿದರು. ಭಾರತದಲ್ಲಿ ಹೆಚ್ಚಾಗಿರುವ ಮೂರನೆಯ ಬಗೆಯ ವೈರಸ್ಸಿಗೆ 24 ವಾರ, ಮೊದಲನೆಯ ಬಗೆಗೆ 48 ವಾರ ಚುಚ್ಚುಮದ್ದು. ಜ್ವರ, ಮೈಕೈ ನೋವು, ಮನಸ್ಸಿನ ಖಿನ್ನತೆ ಎಲ್ಲವನ್ನೂ ಸಹಿಸಬೇಕಾಗಿತ್ತು. ಇಷ್ಟು ಸಹಿಸಿದ ಮೇಲೂ ಮೊದಲನೆಯ ಬಗೆಯವರಲ್ಲಿ ಅರ್ಧದಷ್ಟು ಮಂದಿಗೆ ಗುಣವಿಲ್ಲ. ಯಾರಿಗೆ ಫಲಿಸುವುದೆಂದು ಮೊದಲೇ ತಿಳಿದರೆ ಉಳಿದವರಿಗೆ ಈ ಸಂಕಟ ತಪ್ಪೀತಲ್ಲವೇ? ವೈದ್ಯರು ಗುರುತುಗಳನ್ನು ಅರಸಿದ್ದು ಇದಕ್ಕಾಗಿ.

ರೋಗನಿರೋಧಕ ಶಕ್ತಿ ಆಗಲೇ ಭರದಿಂದ ಹೋರಾಡುತ್ತಿರುವವನಿಗೆ ಔಷಧ ಬೇಗ ಫಲಿಸೀತೆಂದು ಯಾರಾದರೂ ಊಹಿಸುವರು. ಕಂಡದ್ದು ಅದಕ್ಕೆ ವಿರುದ್ಧ. ಆ ಕೂಗಿಗೆ ಓಗೊಟ್ಟು ದೇಹವು ಹೊರಡಿಸುವ ಐಪಿ-10 ಎಂಬ ಪ್ರೋಟೀನು ಚಿಕಿತ್ಸೆಗೆ ಮುಂಚೆಯೇ ರಕ್ತದಲ್ಲಿ ಹೆಚ್ಚಾಗಿದ್ದವರಿಗೆ ಗುಣವಾಗುವ ಸಂಭವ ಕಡಿಮೆಯಾಗಿತ್ತು. ಯಕೃತ್ತಿನ ಚೂರನ್ನು ತೆಗೆದು ನೋಡಿದಾಗಲೂ ಇದೇ ಕಥೆ. ರಾತ್ರಿಯಿಡೀ ಕೂಗಿ ಗಂಟಲು ಕಟ್ಟಿದ ಕಾವಲುಗಾರನಿಗೆ ‘ಇನ್ನೂ ಗಟ್ಟಿಯಾಗಿ ಕೂಗು’ ಎಂದು ಅಪ್ಪಣೆ ಮಾಡಿದರೆ ಅವನೇನು ಮಾಡಿಯಾನು? ಸುಮ್ಮನಿದ್ದ ಕಾವಲುಗಾರನೇ ಅಪ್ಪಣೆ ಕೇಳಿದಾಗ ಎದ್ದು ನಿಂತು ಕೂಗಬಲ್ಲ.

ಮೂರನೆಯ ಗುರುತು ಹುಟ್ಟಿನಿಂದಲೇ ಬಂದದ್ದು. 2009ರಲ್ಲಿ ಅಮೆರಿಕ, ಆಸ್ಟ್ರೇಲಿಯ, ಜಪಾನುಗಳ ಮೂರು ತಂಡಗಳು ಬೇರೆ ಬೇರೆಯಾಗಿ ಶೋಧಿಸಿ ಒಂದೇ ಕಡೆಗೆ ಬಂದು ಮುಟ್ಟಿದವು. ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ ಐಎಲ್28ಬಿ ಎಂಬ ವಂಶವಾಹಿಯ ಬಳಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅನುಕೂಲವಾದ ಅಕ್ಷರವನ್ನು ತಾಯಿತಂದೆ ಇಬ್ಬರಿಂದಲೂ ಪಡೆದವರಿಗೆ ಗುಣವಾಗುವ ಸಂಭವ ಸುಮಾರು ಇಮ್ಮಡಿ. ಒಂದಕ್ಷರ ಬದಲಾದರೆ ಪದದ ಅರ್ಥವೇ ಬದಲಾಗುವುದನ್ನು ಬಲ್ಲ ನಮಗೆ ಇದು ಅಷ್ಟೊಂದು ಅಚ್ಚರಿಯನ್ನು ತರಲಾರದು. ಆದರೂ ಅದು ಸಂಭವ ಮಾತ್ರ. ಅನುಕೂಲವಾದ ಅಕ್ಷರವಿದ್ದೂ ಗುಣವಾಗದವರುಂಟು, ಇಲ್ಲದೆಯೂ ಗುಣವಾದವರುಂಟು.

ಇಷ್ಟರಲ್ಲಿ ಪ್ರಶ್ನೆಯೇ ಬದಲಾಯಿತು. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೋಸ್ಬುವಿರ್ ಎಂಬ ಗುಳಿಗೆಗೆ ಒಪ್ಪಿಗೆ ದೊರೆಯಿತು. ಇದು ಕಾವಲುಗಾರನಿಗೆ ಕೂಗಲು ಹೇಳುವುದಿಲ್ಲ. ವೈರಸ್ಸು ತನ್ನ ಪ್ರತಿಗಳನ್ನು ಬರೆದುಕೊಳ್ಳುವ ಲೇಖನಿಯನ್ನೇ ಮುರಿಯುತ್ತದೆ. ಆಗ ಅಲ್ಲಿ ಒಂದು ಗುಳಿಗೆಗೆ ಸಾವಿರ ಡಾಲರು, ಹನ್ನೆರಡು ವಾರಕ್ಕೆ 84 ಸಾವಿರ. 2014ರಲ್ಲಿ ಭಾರತದ ಕೆಲವು ಕಂಪನಿಗಳಿಗೆ ತಯಾರಿಕೆಯ ಪರವಾನಗಿ ದೊರೆತು ಬೆಲೆ ಇಳಿಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರಕಾರವು ಪರೀಕ್ಷೆ, ಔಷಧ ಎರಡನ್ನೂ ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಸಿರೋಸಿಸ್ ಇಲ್ಲದವರಿಗೆ ಸೊಫೋಸ್ಬುವಿರ್, ಡಕ್ಲಾಟಾಸ್ವಿರ್ ಗುಳಿಗೆಗಳು ಹನ್ನೆರಡು ವಾರ. ಇಂಥ ಔಷಧಗಳಿಂದ ನೂರಕ್ಕೆ ತೊಂಬತ್ತೈದು ಮಂದಿಗೆ ಗುಣ. ವಂಶವಾಹಿಯ ಅಕ್ಷರ ಯಾವುದೇ ಇರಲಿ, ಐಪಿ-10 ಎಷ್ಟೇ ಇರಲಿ, ಚಿಕಿತ್ಸೆಗೆ ಮುನ್ನ ಅವನ್ನು ಕೇಳುವ ಅಗತ್ಯವೇ ತಪ್ಪಿಹೋಯಿತು.

ಆದರೆ ಮೊದಲನೆಯ ಗುರುತಿನ ಕಾಟ ತಪ್ಪಿಲ್ಲ. ರಕ್ತದಾನಕ್ಕೆ ಹೋದ ತರುಣನಿಗೆ ‘ಪಾಸಿಟಿವ್’ ಎಂಬ ಚೀಟಿ ಬಂದರೆ ಮನೆಯಲ್ಲಿ ಗುಸುಗುಸು ಹುಟ್ಟುತ್ತದೆ. ತಟ್ಟೆ ಲೋಟ ಬೇರೆಯಾಗುತ್ತವೆ. ಗೊತ್ತಾದ ಮದುವೆ ಮುರಿಯುತ್ತದೆ. ಅವನಲ್ಲಿರುವುದು ಬರಿಯ ಬೂದಿಯಾಗಿರಬಹುದು. ಕೆಂಡವೇ ಇದ್ದರೂ ಅದು ಒಟ್ಟಿಗೆ ಕುಳಿತು ಉಂಡರೆ, ಅಪ್ಪಿಕೊಂಡರೆ ಹರಡುವಂಥದಲ್ಲ. ಹರಡುವುದು ರಕ್ತದಿಂದ: ಶುದ್ಧಮಾಡದ ಸೂಜಿ, ಹಚ್ಚೆಯ ಮುಳ್ಳು, ಬೇರೆಯವರು ಬಳಸಿದ ಕ್ಷೌರದ ಬ್ಲೇಡು ಇವುಗಳಿಂದ. ಗುಣವಾದ ಮೇಲೂ ಪ್ರತಿಕಾಯದ ಪರೀಕ್ಷೆ ‘ಪಾಸಿಟಿವ್’ ಎಂದೇ ಬರಬಹುದು. ಗುಣವನ್ನು ಸಾರುವುದು ಔಷಧ ಮುಗಿದ ಹನ್ನೆರಡು ವಾರಗಳ ಅನಂತರದ ಆರ್‌ಎನ್‌ಎ ಪರೀಕ್ಷೆ. ಸಿರೋಸಿಸ್ ಆಗಿದ್ದವರು ಅದಾದ ಮೇಲೂ ಆರಾರು ತಿಂಗಳಿಗೊಮ್ಮೆ ಯಕೃತ್ತನ್ನು ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ರೋಗಿಗಿಂತ ಸುತ್ತಲಿನವರಿಗೇ ಹೆಚ್ಚು ಒಪ್ಪುವಂತಿದೆ. ಮುಂದೆ ಎಂದಾದರೂ ನಿಮ್ಮ ಬಂಧುವೊಬ್ಬರು ಅಂಥ ಚೀಟಿಯೊಂದನ್ನು ಹಿಡಿದು ನಡುಗುತ್ತ ಬಂದರೆ, ವಾಚಕರೇ, ಅದು ಹೇಗೆ ಬಂತು, ಯಾರಿಂದ ಬಂತು ಎಂದು ಕೇಳಬೇಡಿ. ‘ಎರಡನೆಯ ಪರೀಕ್ಷೆ ಆಯಿತೇ?’ ಎಂದು ಕೇಳಿ. ಆಗಿಲ್ಲವಾದರೆ ಜೊತೆಗೆ ಹೊರಡಿ.