ನೆಲಮಾಳಿಗೆಯಲ್ಲಿ ಉಳಿದವರು



ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬಂದೆನು. ಅಲ್ಲಿ ಪ್ರೌಢಶಾಲೆಯಲ್ಲಿ ಓದುತ್ತಿರುವ ಮೊಮ್ಮಗನು ಒಂದು ಸಂಜೆ ದೊಡ್ಡ ಹಾಳೆಯ ಮೇಲೆ ದ್ವೀಪವೊಂದರ ನಕ್ಷೆಯನ್ನು ಬರೆಯುತ್ತ ಕುಳಿತಿದ್ದನು. ಬಂಡೆಗಲ್ಲಿನ ತೀರ, ದಟ್ಟವಾದ ಕಾಡು, ಕಾಲು ಹೂಳುವ ಕೆಸರು, ಎತ್ತರದಲ್ಲೊಂದು ಅರಮನೆ, ಮೂರು ಕಡೆಗಳಲ್ಲಿ ಮೂರು ಬಲೆಗಳು. ಪಾಠದ ಕಥೆಯನ್ನು ಓದಿ ನಕ್ಷೆ ಬರೆದು ತರಬೇಕೆಂದು ಉಪಾಧ್ಯಾಯರ ಅಪ್ಪಣೆಯಾಗಿತ್ತಂತೆ. ಪುಸ್ತಕವನ್ನು ಕೇಳಿ ತೆಗೆದುಕೊಂಡು ನಾನೂ ಓದಿದೆನು. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಕಥೆ ಭಯಂಕರವೆಂಬ ಕಾರಣದಿಂದಲ್ಲ, ಅದು ಮುಗಿಯುವ ರೀತಿಯಿಂದ.

ರಿಚರ್ಡ್ ಕಾನೆಲ್ ಎಂಬ ಅಮೆರಿಕನ್ ಲೇಖಕನು 1924ರಲ್ಲಿ ‘ಕಾಲಿಯರ್ಸ್’ ಎಂಬ ವಾರಪತ್ರಿಕೆಯಲ್ಲಿ ಪ್ರಕಟಿಸಿದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಎಂಬುದೇ ಆ ಕಥೆ. ಇಂಗ್ಲಿಷಿನ ‘ಗೇಮ್’ ಶಬ್ದಕ್ಕೆ ಆಟವೆಂದೂ ಬೇಟೆಯ ಪ್ರಾಣಿಯೆಂದೂ ಎರಡು ಅರ್ಥಗಳುಂಟು. ಕಥೆಯ ಹೆಸರು ಎರಡನ್ನೂ ಸೂಚಿಸುತ್ತದೆ. (ನಮ್ಮ ನುಡಿಯೂ ನಿರ್ದೋಷಿಯೇನಲ್ಲ. ನಾವೂ ಬೇಟೆಯನ್ನು ‘ಆಡು’ತ್ತೇವೆ.) ರೇನ್ಸ್‌ಫರ್ಡ್ ಎಂಬ ಪ್ರಸಿದ್ಧ ಬೇಟೆಗಾರನು ವಿಹಾರನೌಕೆಯಿಂದ ಕೆರಿಬಿಯನ್ ಸಮುದ್ರದೊಳಕ್ಕೆ ಬಿದ್ದು, ಈಜಿಕೊಂಡು ಒಂದು ದ್ವೀಪವನ್ನು ಸೇರುತ್ತಾನೆ. ಅಲ್ಲಿಯ ಒಡೆಯನು ಝಾರಾಫ್ ಎಂಬ ರಷ್ಯದ ಸೇನಾಪತಿ. ಐದನೆಯ ವಯಸ್ಸಿನಿಂದಲೇ ಬಂದೂಕು ಹಿಡಿದವನು. ಲೋಕದ ಮೃಗಗಳನ್ನೆಲ್ಲ ಕೊಂದು ಬೇಸತ್ತವನು. ಧೈರ್ಯ, ಜಾಣ್ಮೆ, ಎಲ್ಲಕ್ಕಿಂತ ಮಿಗಿಲಾಗಿ ವಿಚಾರಶಕ್ತಿಯುಳ್ಳ ಹೊಸ ಪ್ರಾಣಿಯೊಂದು ಅವನಿಗೆ ಬೇಕಾಯಿತು. ಅಂತಹ ಪ್ರಾಣಿ ಮನುಷ್ಯನಲ್ಲದೆ ಮತ್ತಾವುದು? ಸುಳ್ಳು ದೀಪಗಳನ್ನು ಬೆಳಗಿಸಿ ಹಡಗುಗಳನ್ನು ಬಂಡೆಗಳಿಗೆ ಅಪ್ಪಳಿಸುವಂತೆ ಮಾಡಿ, ಬದುಕಿ ದಡ ಸೇರಿದ ನಾವಿಕರನ್ನು ಕಾಡಿಗೆ ಬಿಟ್ಟು ಬೆನ್ನಟ್ಟುವುದೇ ಅವನ ವಿನೋದ. ಮೂರು ತಾಸು ಮುಂಚಿತವಾಗಿ ಬಿಡುತ್ತಾನೆ, ಅನ್ನ ಕೊಡುತ್ತಾನೆ, ಕತ್ತಿ ಕೊಡುತ್ತಾನೆ. ಮೂರು ದಿನ ತಪ್ಪಿಸಿಕೊಂಡವನು ಗೆದ್ದಂತೆ. ಇದನ್ನು ಆತನು ನ್ಯಾಯವಾದ ಆಟವೆನ್ನುತ್ತಾನೆ! ಒಲ್ಲೆನೆಂದವನು ಚಾವಟಿಯ ಸೇವಕ ಇವಾನನ ಕೈಗೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿರಿ. ವಿಚಾರಶಕ್ತಿಯುಳ್ಳ ಜೀವಿಯನ್ನು ಕೊಲ್ಲಬಾರದೆಂದು ಲೋಕದ ನೀತಿಶಾಸ್ತ್ರಗಳು ಹೇಳುತ್ತ ಬಂದಿವೆ. ಝಾರಾಫನು ಆ ನೀತಿಯನ್ನು ಅರಿಯದ ಕಾಡುಮನುಷ್ಯನಲ್ಲ. ಸೊಗಸಾಗಿ ಉಣ್ಣುವ, ಉಡುವ, ಓದುವ ನಾಗರಿಕ. ಆದರೆ ಯಾವ ಗುಣವು ಜೀವಿಗೆ ರಕ್ಷೆಯಾಗಬೇಕಿತ್ತೋ ಅದೇ ಗುಣವು ಇವನಿಗೆ ರುಚಿಯಾಗಿದೆ. ಎದುರಿಗಿರುವವನು ಯೋಚಿಸಬಲ್ಲನು, ಹೆದರಬಲ್ಲನು, ನಾಳೆಯನ್ನು ನೆನೆದು ನಡುಗಬಲ್ಲನು ಎಂಬುದೇ ಇವನ ಸಂತೋಷದ ಮೂಲ. ಇದನ್ನು ಅಷ್ಟು ಸ್ಪಷ್ಟವಾಗಿ ಕಂಡು ಬರೆದದ್ದಕ್ಕಾಗಿ ಕಾನೆಲ್‌ನನ್ನು ಮೆಚ್ಚಲೇಬೇಕು.

ಹಾಗಾದರೆ ನಿಮ್ಮ ತಕರಾರೇನು, ಖಳನು ಕೊನೆಯಲ್ಲಿ ಸತ್ತನಲ್ಲ, ಕಥೆಯು ಇಂತಹ ಬೇಟೆಯನ್ನು ಖಂಡಿಸಿಯೇ ಇದೆಯಲ್ಲ ಎಂದು ನೀವು ಕೇಳಬಹುದು. ಶಾಲೆಗಳಲ್ಲಿ ಇದನ್ನು ಕಲಿಸುವವರ ಸಮಾಧಾನವೂ ಅದೇ. ಆ ಸಮಾಧಾನವನ್ನು ನಾನು ಒಪ್ಪಲಾರೆ.

ಅರಮನೆಯ ಕೆಳಗೆ ಒಂದು ನೆಲಮಾಳಿಗೆಯಿದೆ. ಒಡೆದ ಸ್ಪ್ಯಾನಿಷ್ ಹಡಗಿನಿಂದ ಹಿಡಿದು ತಂದ ಹನ್ನೆರಡರಷ್ಟು ನಾವಿಕರು ಅಲ್ಲಿದ್ದಾರೆಂದು ಝಾರಾಫನೇ ಅತಿಥಿಗೆ ಹೇಳುತ್ತಾನೆ. ಅದನ್ನು ತರಬೇತಿಶಾಲೆಯೆನ್ನುತ್ತಾನೆ, ಅವರನ್ನು ವಿದ್ಯಾರ್ಥಿಗಳೆನ್ನುತ್ತಾನೆ. ಅವರಿಗೆ ಒಳ್ಳೆಯ ಊಟ, ವ್ಯಾಯಾಮ. ಬೇಟೆಗೆ ಮೈ ಹುರಿಗೊಳ್ಳಲೆಂದು. ಮಠದ ಪ್ರಸಾದನಿಲಯದಲ್ಲಿ ಸಾಲುಗೂಡಿ ಕುಳಿತು ಉಂಡು ವಿದ್ಯಾವಂತರಾದ ನಿಮಗೆ, ಕೊಲ್ಲುವುದಕ್ಕಾಗಿ ಇಕ್ಕಿದ ಅನ್ನವೆಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಮುಂದೆ ರೇನ್ಸ್‌ಫರ್ಡ್‌ನೇ ಬೇಟೆಯ ಪ್ರಾಣಿಯಾಗುತ್ತಾನೆ. ಮಲಯದ ಬಲೆಯಿಂದ ಸೇನಾಪತಿಯ ಹೆಗಲನ್ನು ಗಾಯಗೊಳಿಸುತ್ತಾನೆ, ಬರ್ಮಾದ ಹುಲಿಗುಂಡಿಯಿಂದ ಒಂದು ನಾಯಿಯನ್ನು, ಉಗಾಂಡದ ಕತ್ತಿಯ ಉಪಾಯದಿಂದ ಇವಾನನನ್ನು ಕೊಲ್ಲುತ್ತಾನೆ, ಸಮುದ್ರಕ್ಕೆ ಹಾರುತ್ತಾನೆ, ರಾತ್ರಿ ಸೇನಾಪತಿಯ ಶಯನಗೃಹದಲ್ಲೇ ಪ್ರತ್ಯಕ್ಷನಾಗಿ ಅವನನ್ನು ಮುಗಿಸಿ ಅವನ ಹಾಸಿಗೆಯ ಮೇಲೆ ಸುಖವಾಗಿ ನಿದ್ರಿಸುತ್ತಾನೆ. ಕಥೆ ಅಲ್ಲಿಗೆ ಮುಗಿಯಿತು.

ನೆಲಮಾಳಿಗೆಯ ಆ ಹನ್ನೆರಡು ಮಂದಿ?

ಅವರ ಬಗೆಗೆ ಒಂದಕ್ಷರವೂ ಇಲ್ಲ. ಬಾಗಿಲು ತೆರೆಯಿತೆಂದಿಲ್ಲ, ಬೆಳಿಗ್ಗೆ ತೆರೆಯುವೆನೆಂದು ನಾಯಕನು ನೆನೆದನೆಂದೂ ಇಲ್ಲ. ಮೇಲೆ ಹಂಸತೂಲಿಕಾತಲ್ಪ, ಕೆಳಗೆ ಸೆರೆ. ನಾನು ಆ ಕೊನೆಯ ಪುಟವನ್ನು ಮೂರು ಸಲ ಓದಿದೆನು. ಇದು ಲೇಖಕನ ಮರೆವಾಗಿದ್ದರೆ ಅಂತಹ ಮರೆವೇ ನನ್ನ ಆಕ್ಷೇಪಣೆ; ಬೇಕೆಂದೇ ಬಿಟ್ಟಿದ್ದರೆ, ಓದುಗರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅದನ್ನು ಗಮನಿಸದಿರುವುದೇ ನನ್ನ ಆಕ್ಷೇಪಣೆ.

ಏಕೆ ಗಮನಿಸುವುದಿಲ್ಲ? ಆ ಮಂದಿ ಯಾರೆಂಬುದನ್ನು ನೋಡಿರಿ. ತಾನು ಬೇಟೆಯಾಡುವವರು ಲೋಕದ ಕಸವೆಂದು ಹೇಳಿ ಝಾರಾಫನು ಪಟ್ಟಿ ಕೊಡುತ್ತಾನೆ. ಆ ಪಟ್ಟಿಯಲ್ಲಿ ಮೊದಲು ಬರುವ ಹೆಸರು ‘ಲಸ್ಕರ್’. ಲಸ್ಕರರೆಂದರೆ ಯಾರು ಬಲ್ಲಿರಾ? ಬಂಗಾಳ, ಗುಜರಾತ, ಕೊಂಕಣದ ತೀರಗಳಿಂದ ಹೊಟ್ಟೆಪಾಡಿಗಾಗಿ ಬ್ರಿಟಿಷರ ಹಡಗುಗಳನ್ನೇರಿದ ನಮ್ಮ ನಾವಿಕರು. ಅವರ ನಂತರ ಕರಿಯರು, ಚೀನೀಯರು, ಬಿಳಿಯರು, ಮಿಶ್ರಜಾತಿಯವರು. ಒಂದು ಒಳ್ಳೆಯ ತಳಿಯ ಕುದುರೆಗೆ ಇಂತಹವರ ಇಪ್ಪತ್ತು ಮಂದಿ ಸಮವಲ್ಲವೆಂಬುದು ಸೇನಾಪತಿಯ ಮತ. ರೇನ್ಸ್‌ಫರ್ಡ್ ಇದು ಕೊಲೆಯೆಂದು ಪ್ರತಿಭಟಿಸುತ್ತಾನೆ, ನಿಜ. ಆದರೆ ಕಥೆಯ ನಡೆಯೇ ಸೇನಾಪತಿಯ ಮತವನ್ನು ಪಾಲಿಸುತ್ತದೆ! ಹೆಸರಿರುವುದು ಒಬ್ಬನಿಗೆ, ಭಯವನ್ನು ಪುಟಗಟ್ಟಲೆ ವರ್ಣಿಸಿರುವುದು ಒಬ್ಬನದನ್ನು, ಬದುಕಲಿ ಎಂದು ನಾವು ಹಾರೈಸುವುದು ಒಬ್ಬನಿಗಾಗಿ. ಅವನೂ ಬೇಟೆಗಾರನೇ. ಲಸ್ಕರನು ಓಡಿದ ಮೂರು ತಾಸುಗಳ ಕಥೆಯನ್ನು ಯಾರೂ ಬರೆಯಲಿಲ್ಲ.

ಇದೇನು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ದಕ್ಷಿಣ ಆಫ್ರಿಕದಲ್ಲಿ 18ನೆಯ ಶತಮಾನದಲ್ಲಿ ಯುರೋಪಿನ ವಲಸಿಗರ ‘ಕಮಾಂಡೊ’ ಪಡೆಗಳು ಸಾನ್ ಜನರನ್ನು ಬೆನ್ನಟ್ಟಿ ಕೊಂದುದು ಇತಿಹಾಸ. ಕೊಂದವರ ಮನಸ್ಸಿನಲ್ಲೂ ಒಂದು ಕುದುರೆ, ಒಂದು ಪಟ್ಟಿ ಇದ್ದೇ ಇದ್ದಿರಬೇಕು.

ಕಾನೆಲ್‌ನ ಕಥೆಗೆ ಸಂತಾನ ಬಹಳ. 1932ರಲ್ಲಿ ಅದು ಚಲನಚಿತ್ರವಾಯಿತು. 1987ರ ‘ಪ್ರಿಡೇಟರ್’ ಚಿತ್ರದಲ್ಲಿ ಬೇಟೆಗಾರನು ಅನ್ಯಲೋಕದಿಂದಲೇ ಇಳಿದು ಬರುತ್ತಾನೆ. ನಿರಾಯುಧರನ್ನು ಕೊಲ್ಲದಿರುವುದು ಅವನ ವ್ರತವಂತೆ, ನೋಡುಗರು ಅದನ್ನು ಗೌರವವೆಂದು ಕೊಂಡಾಡುತ್ತಾರೆ. ಝಾರಾಫನ ಮೂರು ತಾಸಿನ ನ್ಯಾಯವೇ ಇದು, ವೇಷ ಬೇರೆ. ಇವುಗಳ ನಡುವೆ ಸಾರ್ಬನ್ ಎಂಬ ಕಾವ್ಯನಾಮದ ಇಂಗ್ಲಿಷ್ ಲೇಖಕನು 1952ರಲ್ಲಿ ಬರೆದ ‘ದಿ ಸೌಂಡ್ ಆಫ್ ಹಿಸ್ ಹಾರ್ನ್’ ಮಾತ್ರ ಭಿನ್ನವಾಗಿದೆ. ನಾಜಿಗಳು ಯುದ್ಧವನ್ನು ಗೆದ್ದಿದ್ದರೆ ಎಂಬ ಕಲ್ಪನೆಯದು. ಅಲ್ಲಿ ಮನುಷ್ಯರನ್ನು ಬೇಟೆಯಾಡುವ ಪ್ರಭುವು ದ್ವೀಪದಲ್ಲಿ ಅಡಗಿದವನಲ್ಲ. ಅವನ ಹಿಂದೆ ರಾಜ್ಯವೇ ನಿಂತಿದೆ, ಕಾಡಿಗೆ ಬೇಲಿಯಿದೆ. ಇದು ಒಬ್ಬ ಹುಚ್ಚನ ಚಪಲವಲ್ಲ, ವ್ಯವಸ್ಥೆಯೆಂದು ಸಾರ್ಬನ್ ಕಂಡನು.

ನನಗೆ ಹೆಚ್ಚು ಹಿಡಿಸಿದ ಕೃತಿ ಬೇರೊಂದುಂಟು: ಎಚ್. ಬೀಮ್ ಪೈಪರ್ 1962ರಲ್ಲಿ ಬರೆದ ‘ಲಿಟಲ್ ಫಜ್ಜಿ’. ದೂರದ ಗ್ರಹವೊಂದನ್ನು ಒಂದು ಕಂಪನಿ ಗುತ್ತಿಗೆ ಹಿಡಿದಿದೆ. ಅಲ್ಲಿ ಬುದ್ಧಿವಂತ ಮೂಲನಿವಾಸಿಗಳಿಲ್ಲ ಎಂಬ ಷರತ್ತಿನ ಮೇಲೆ. ಆಗ ರೋಮಮಯವಾದ ಪುಟ್ಟ ಜೀವಿಗಳು ಕಾಣಿಸಿಕೊಳ್ಳುತ್ತವೆ. ಅವು ಬುದ್ಧಿವಂತವೆಂದಾದರೆ ಗುತ್ತಿಗೆ ರದ್ದು. ಆದ್ದರಿಂದ ಕಂಪನಿಗೆ ಅವು ಬರಿಯ ಪ್ರಾಣಿಗಳಾಗಿಯೇ ಇರಬೇಕು. ಅವುಗಳಲ್ಲೊಂದನ್ನು ಕಂಪನಿಯ ಅಧಿಕಾರಿಯೊಬ್ಬನು ತುಳಿದು ಕೊಲ್ಲುತ್ತಾನೆ. ಅದು ಕೊಲೆಯೋ ಅಲ್ಲವೋ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಗುತ್ತದೆ. ಅವುಗಳಿಗೆ ಮಾತೇ ಇಲ್ಲವೆಂದು ಎಲ್ಲರೂ ನಂಬಿದ್ದರು. ಆದರೆ ಅವು ಮನುಷ್ಯನ ಕಿವಿಗೆ ನಿಲುಕದ ಸ್ವರದಲ್ಲಿ ಮಾತನಾಡುತ್ತಲೇ ಇದ್ದವೆಂದು ಕೊನೆಗೆ ತಿಳಿಯುತ್ತದೆ. ದೋಷ ಇದ್ದದ್ದು ನಮ್ಮ ಕಿವಿಯಲ್ಲಿ. ಪೈಪರನ ಗದ್ಯ ಕಾನೆಲ್‌ನ ಗದ್ಯದಷ್ಟು ಬಿಗಿಯಾಗಿಲ್ಲ, ಮಧ್ಯೆ ವಕೀಲರ ವಾದ ದೀರ್ಘವಾಯಿತು. ಆದರೂ ಅವನು ಕೆಳಗಿನ ಬಾಗಿಲನ್ನು ತೆರೆದವನು.

ಬುದ್ಧಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಿದ ಮೇಲೆಯೇ ಕರುಣೆ ತೋರಬೇಕೆ ಎಂಬ ಪ್ರಶ್ನೆಯೂ ಇಲ್ಲಿದೆ. ಹಬ್ಬಕ್ಕೆಂದು ತಂದ ಕುರಿಯ ಕಡೆಗೆ ನೋಡಿದ ಬಸವಣ್ಣನವರು ಅದರ ಬುದ್ಧಿಯನ್ನು ಅಳೆಯಲಿಲ್ಲ, ಅದರ ಸಾವನ್ನು ಕಂಡರು. ಕಾನೆಲ್‌ನ ಕಥೆಯ ಮೊದಲಲ್ಲೂ ರೇನ್ಸ್‌ಫರ್ಡ್‌ನ ಗೆಳೆಯನು ಚಿರತೆಯಂತಹ ಮೃಗಕ್ಕೂ ಭಯವೆಂಬುದು ತಿಳಿಯುತ್ತದೆಂದು ಹೇಳುತ್ತಾನೆ, ನಾಯಕನು ನಕ್ಕುಬಿಡುತ್ತಾನೆ. ಆ ನಗೆಯನ್ನು ಅವನು ಹಿಂತೆಗೆದುಕೊಂಡನೆ? ಸೇನಾಪತಿಯ ಹಾಸಿಗೆಯಲ್ಲಿ ಮಲಗಿದವನ ವಿಷಯದಲ್ಲಿ ನನಗೆ ನಂಬಿಕೆಯಿಲ್ಲ.

ಇಂತಹ ಕಥೆಗಳನ್ನು ಸುಡಬೇಕೆಂದಾಗಲಿ ಪಠ್ಯದಿಂದ ತೆಗೆಯಬೇಕೆಂದಾಗಲಿ ನಾನು ಹೇಳುತ್ತಿಲ್ಲ. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಓದಿ ಇಂದು ನಾಡಿನಲ್ಲೂ ಹೊರದೇಶಗಳಲ್ಲೂ ಅಧ್ಯಾಪಕರಾಗಿರುವವರು, ಮಕ್ಕಳನ್ನು ಓದಿಸುವ ತಂದೆತಾಯಂದಿರು ಈ ಲೇಖನವನ್ನು ನೋಡಿದರೆ ಅವರಲ್ಲಿ ನನ್ನದೊಂದೇ ವಿಜ್ಞಾಪನೆ: ಮೂರು ಬಲೆಗಳ ಹೆಸರನ್ನು ಕೇಳುವ ಮೊದಲು ನೆಲಮಾಳಿಗೆಯ ವಿಷಯ ಕೇಳಿರಿ. ಮರುದಿನ ಬೆಳಿಗ್ಗೆ ನಾನು ಮೊಮ್ಮಗನನ್ನು ಅದನ್ನೇ ಕೇಳಿದೆನು. ಅವನು ಪುಟ ತಿರುವಿ ಹುಡುಕಿದನು, ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಅರಮನೆಯ ಕೆಳಗೆ ಒಂದು ಚೌಕ ಬರೆದು, ಒಳಗೆ 12 ಎಂದು ಗುರುತು ಹಾಕಿ, “ಅಜ್ಜಾ, ಕೀಲಿಕೈ ಯಾರ ಹತ್ತಿರ ಇತ್ತು?” ಎಂದು ಕೇಳಿದನು.