ಎಂಜಲು ತಟ್ಟೆ ಎತ್ತುವವನಿಗೆ ಚರಿತ್ರೆ ಬೇಡವೇ?



ಹೈದರಾಬಾದಿನ ಹಳೆಯ ಪೇಟೆಗಳನ್ನು ಸುತ್ತಿಸಿ ಅವುಗಳ ಚರಿತ್ರೆ ಹೇಳುವ ಏರ್ಪಾಟುಗಳು ಊರಿನಲ್ಲಿ ನಡೆಯುತ್ತಿವೆ. ಸಂತೋಷ. ಆದರೆ ಇವು ಹೊರಡುವುದು ಯಾವಾಗ? ಬಿಸಿಲೇರುವ ಮುಂಚೆ, ಬೆಳಗಿನ ಹೊತ್ತು. ಆಗ ನಾವೆಲ್ಲಿರುತ್ತೇವೆ? ಇಡ್ಲಿ ಹಬೆಯ ಮುಂದೆ, ದೋಸೆ ಕಾವಲಿಯ ಮುಂದೆ, ಎಂಜಲು ತಟ್ಟೆಯ ತೊಟ್ಟಿಯ ಮುಂದೆ. ಊರು ನೋಡಿ ಹಸಿದು ಬಂದವರಿಗೆ ಕಾಫಿ ಕೊಡುವುದಷ್ಟೇ ನಮ್ಮ ಪಾಲಿಗೆ ಬಂದ ಚರಿತ್ರೆ!

ಹತ್ತು ಹನ್ನೆರಡು ವರ್ಷ ಇಲ್ಲಿ ದುಡಿದೂ, ಹೊಟೇಲು ಮತ್ತು ಮಲಗುವ ಕೋಣೆಗಳ ನಡುವಿನ ದಾರಿ ಬಿಟ್ಟು ಬೇರೇನೂ ಕಾಣದವರು ನಮ್ಮಲ್ಲಿದ್ದಾರೆ. ವಾರದ ರಜೆ ಕೇಳಿದರೆ, "ರಜೆ ತೆಗೆದುಕೊಂಡು ಏನು ಕಡಿದು ಹಾಕುತ್ತೀ?" ಎನ್ನುವ ಧಣಿಗಳುಂಟು. "ಕೋಟೆ ನೋಡಿದರೆ ಹೊಟ್ಟೆ ತುಂಬುತ್ತದೆಯೇ?" ಎಂದು ನಗುವವರುಂಟು. ತುಂಬುವುದಿಲ್ಲ, ಒಪ್ಪಿದೆವು. ಆದರೆ ತಾನು ಈ ಊರಿಗೆ ಪರಕೀಯ, ನಾಲ್ಕು ದಿನದ ನೆಂಟ ಎಂದುಕೊಂಡವನು ಸಂಬಳ ಕಡಿದರೂ ಸುಮ್ಮನಿರುತ್ತಾನೆ, ರಜೆ ಕೊಡದಿದ್ದರೂ ಸುಮ್ಮನಿರುತ್ತಾನೆ. ಇದು ಧಣಿಗೆ ಚೆನ್ನಾಗಿ ಗೊತ್ತು. ಊರನ್ನು ಅರಿತವನನ್ನು ಹಾಗೆ ಬೆದರಿಸಲಾಗದು.

ನಾವು ಇಲ್ಲಿಗೆ ಪರಕೀಯರೇ? ಚರಿತ್ರೆಯನ್ನೇ ಕೇಳೋಣ. ಗೋಲ್ಕೊಂಡವು ಮೊದಲು ಬಹಮನಿ ಸುಲ್ತಾನರ ಕೈಯಲ್ಲಿತ್ತು. ಅವರು ಆಳಿದ್ದು ಕಲಬುರಗಿಯಿಂದ, ಆಮೇಲೆ ಬೀದರಿನಿಂದ. ಅವರ ಅಧಿಕಾರಿಯಾಗಿದ್ದ ಸುಲ್ತಾನ್ ಕುಲಿ 1518ರಲ್ಲಿ ಇಲ್ಲಿ ಸ್ವಂತ ರಾಜ್ಯ ಕಟ್ಟಿದ. ಅವನ ವಂಶದ ಮಹಮದ್ ಕುಲಿ 1591ರಲ್ಲಿ ಚಾರ್‌ಮಿನಾರ್ ಎತ್ತಿಸಿ ಹೈದರಾಬಾದನ್ನು ಸ್ಥಾಪಿಸಿದ. ಮುಂದೆ ನಿಜಾಮರ ಕಾಲದಿಂದ 1956ರ ನವೆಂಬರ್ 1ರ ತನಕ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಘಟ್ಟದ ಕೆಳಗಿನಿಂದ ಬಂದ ನಮ್ಮವರು, "ಬೀದರಿಗೂ ನಮಗೂ ಏನು?" ಎಂದಾರು. ಅವರು ದಿನವೂ ಕುಡಿಸುವ ನೀರಿನ ಕಥೆಯನ್ನು ಕೇಳಲಿ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸುಮಾರು 15,000 ಜನ ಸತ್ತರೆಂದು ಲೆಕ್ಕ ಹೇಳುತ್ತಾರೆ. ಅಫ್ಜಲ್‌ಗಂಜ್‌ನಲ್ಲಿ, ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದ ಒಂದು ಹುಣಿಸೆ ಮರ ಸುಮಾರು 150 ಜನರನ್ನು ಕೊಂಬೆಗಳ ಮೇಲೆ ಉಳಿಸಿತು. ಇನ್ನು ಹೀಗಾಗದಂತೆ ದಾರಿ ತೋರಿಸಲು 1909ರಲ್ಲಿ ಬಂದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ನದಿಯ ಮೇಲ್ಗಡೆ ನೀರು ತಡೆಯಿರಿ ಎಂದರು. ಹಾಗೆ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಆದವು. ಪ್ರವಾಹವೂ ತಗ್ಗಿತು, ಊರಿಗೆ ಕುಡಿಯುವ ನೀರೂ ಬಂತು. ಇದನ್ನು ಅರಿತ ಮಾಣಿ ಗಿರಾಕಿಯ ಮುಂದೆ ನೀರಿನ ಲೋಟ ಇಡುವಾಗ ತಲೆ ಎತ್ತಿಕೊಂಡೇ ಇಡುತ್ತಾನೆ.

ಪೇಟೆ ತೋರಿಸುವವರ ಮೇಲೂ ನಮ್ಮದೊಂದು ದೂರುಂಟು. ಕಟ್ಟಿಸಿದವನ ಹೆಸರು ಹೇಳುತ್ತಾರೆ, ಕಟ್ಟಿದವನ ಮಾತೇ ಇಲ್ಲ. ಗೋಲ್ಕೊಂಡದ ಗುಡ್ಡಕ್ಕೆ ಆ ಕಲ್ಲು ತಾನಾಗಿ ಹತ್ತಿತೇ? ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆಯ ಥಳಕು ತೋರಿಸುತ್ತಾರೆ. ಕೆಂಡದ ಮುಂದೆ ಕುಳಿತು ಬಿಸಿ ಅರಗನ್ನು ಬೆರಳಲ್ಲಿ ತಿದ್ದಿ ಒಂದೊಂದೇ ಹರಳು ಕೂರಿಸುವವರ ಕೂಲಿ ಎಷ್ಟೆಂದು ಕೇಳುವುದಿಲ್ಲ. ಆ ಕೈಗೂ ಒಲೆಯ ಮುಂದಿನ ನಮ್ಮ ಕೈಗೂ ಸುಡುವ ಬೆಂಕಿ ಒಂದೇ. ಅವರನ್ನು ಮಾತನಾಡಿಸದೆ ಪೇಟೆ ನೋಡಿದೆವು ಎನ್ನುವುದು ಅಡುಗೆಮನೆಗೆ ಕಾಲಿಡದೆ ಹೊಟೇಲು ನೋಡಿದೆ ಎಂದಂತೆ.

ಆದ್ದರಿಂದ ನಾವು ಹೇಳುವುದು ಇಷ್ಟು. ಮೊದಲನೆಯದು, ವಾರಕ್ಕೊಂದು ಪೂರ್ತಿ ದಿನದ ರಜೆ, ಸಂಬಳ ಕಡಿಯದೆ. ಇದು ಧಣಿಯ ದಾನವಲ್ಲ. 1988ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಮಾತು. ಎರಡನೆಯದು, ಸಂಘವೇ ಕನ್ನಡದಲ್ಲಿ ಪೇಟೆ ಸುತ್ತು ಏರ್ಪಡಿಸಬೇಕು. ಅದೂ ಮಧ್ಯಾಹ್ನ ಮೂರರಿಂದ ಐದರೊಳಗೆ, ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಿಂದ ಹೊರಟರೆ ಸುಲ್ತಾನ್ ಬಜಾರ್ ಸಿಗುತ್ತದೆ. 1901ರಲ್ಲಿ ಹುಟ್ಟಿದ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯ ಅಲ್ಲಿದೆ. ವಿಜಯನಗರದ ದೊರೆಯ ಹೆಸರಿನಲ್ಲಿ ತೆಲುಗು ಬಂಧುಗಳು ಕಟ್ಟಿದ ಪುಸ್ತಕಾಲಯ ಅದು. ಕೋಠಿಯಲ್ಲಿ ಬ್ರಿಟಿಷರ ರೆಸಿಡೆನ್ಸಿ, ಆಮೇಲೆ ಅಫ್ಜಲ್‌ಗಂಜ್‌ನ ಹುಣಿಸೆ ಮರ. ಒಂದೇ ದಿನ ಎಲ್ಲವೂ ಬೇಡ. ವಾರಕ್ಕೊಂದು ಪೇಟೆ ಸಾಕು. ಮೂಸಿ ದಾಟಿ ಚಾರ್‌ಮಿನಾರ್, ಗೋಲ್ಕೊಂಡಗಳನ್ನು ಪೂರ್ತಿ ರಜೆಯ ದಿನಕ್ಕೆ ಇಟ್ಟುಕೊಳ್ಳೋಣ.

ಗೆಳೆಯರೇ, ರಜೆ ಸಿಕ್ಕ ದಿನ ಮುಸುಕೆಳೆದು ಮಲಗುವ ಆಸೆ ಎಲ್ಲರಿಗೂ ಉಂಟು. ಮೈ ನೋವು ನಮಗೂ ಗೊತ್ತು. ಆದರೂ ತಿಂಗಳಿಗೆ ಒಂದು ಮಧ್ಯಾಹ್ನವಾದರೂ ಎದ್ದು ಬನ್ನಿ. ಪಕ್ಕದ ಹೊಟೇಲಿನ ಹುಡುಗನನ್ನೂ ಕರೆತನ್ನಿ. ಅವನು ಯಾವ ಭಾಷೆಯವನಾದರೂ ಸರಿ. ರಜೆ ಕೊಡದ ಕಡೆ ಎಷ್ಟು ಮಂದಿ ಇದ್ದೀರಿ ಎಂದು ಬರೆದು ಸಂಘಕ್ಕೆ ಮುಟ್ಟಿಸಿ. ಮುಂದಿನ ಮಾತನ್ನು ಧಣಿಗಳೊಡನೆ ಒಟ್ಟಾಗಿ ಆಡೋಣ.